ಓದುಗರ ಪ್ರಶ್ನೆ: ಮಗಾ ನೈರೋಬಿಗೆ ಹೊಂಟಾನ, ಏನ್ ಕೆಲಸರೀ ಅದು?

ಈ ಸಲ ಬಂದ ಪತ್ರದಾಗ ಅರ್ಧಕ್ಕಿಂತ ಹೆಚ್ಚು ಫೋನು, ಕಂಪ್ಯೂಟರು, ಆ್ಯಪು ಇವುಗಳದ್ದೇ ಸುದ್ದಿ. ಮಂಡಿನೋವು, ಮಗಳ ಮದುವಿ, ಸೊಸಿ ಜಗಳ ಕೇಳಿದವ್ರು ಸ್ವಲ್ಪ ತಡೀರಿ, ಮುಂದಿನ ಸಂಚಿಕಿಗೆ ನೋಡೂಣು. ನಾ ಈ ಅಂಕಣ ಬರಿಯಾಕ ಕುಂದ್ರೂಕಿಂತ ಮೊದಲ ವಿಜಯಪುರ ಜಿಲ್ಲಾದಾಗ ಒಂದು ಸಂಸ್ಥಾದ ಕೆಲಸಕ್ಕ ಹಳ್ಳಿ ಹಳ್ಳಿಗೆ ಕಂಪ್ಯೂಟರ್ ಹೊತ್ಗೊಂಡು ತಿರಿಗಿದಾಂವ, ಜೀಪಿನ ಹಿಂದಿನ ಸೀಟಿನ್ಯಾಗ ಸಿಪಿಯು, ತೊಡಿ ಮ್ಯಾಲೆ ಮಾನಿಟರ್, ಹಂಗಾಗಿ ಈ ವಿಷಯ ಬಂತಂದ್ರ ನನ್ನ ಮಾತು ಸ್ವಲ್ಪ ಉದ್ದ ಆಗ್ತೈತಿ, ಸಹಿಸ್ಕೋರಿ.

ಪ್ರಶ್ನೆ: ನಮ್ಮ ಮಗಾ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಾಗ ನಾಕ್ ವರ್ಷ ನೌಕರಿ ಮಾಡಿದ. ಈಗ ಕೆನ್ಯಾ ದೇಶದ ನೈರೋಬಿಗೆ ಹೊಂಟಾನ. ಏನ್ ಕೆಲಸೋ ಅಂದ್ರ "ಐಸಿಟಿ ಫಾರ್ ಡೆವಲಪ್‌ಮೆಂಟ್" ಅಂತಾನ, ಬಡವರ ಸಲವಾಗಿ ಫೋನಿನ್ಯಾಗ ಏನೋ ಮಾಡೋದಂತ. ಬೀಗರು "ಎಲ್ಲಾರೂ ಅಮೇರಿಕಾಕ್ಕ ಹೋದ್ರ ನಿಮ್ಮಾಂವ ಆಫ್ರಿಕಾಕ್ಕ ಹೊಂಟಾನಲ್ಲ" ಅಂತ ನಗಾಕತ್ತಾರ. ಇದು ನೌಕರಿನೋ ಸಮಾಜಸೇವಾನೋ? (ಗೋಕಾಕ ತಾಲೂಕಿನ ಒಬ್ಬ ತಾಯಿ)

ಉತ್ತರ: ಅವ್ವಾರ, ಐಸಿಟಿ ಅಂದ್ರ ಮಾಹಿತಿ ಮತ್ತ ಸಂಪರ್ಕದ ತಂತ್ರಜ್ಞಾನ, ಫೋನು, ಕಂಪ್ಯೂಟರು, ಇಂಟರ್ನೆಟ್ ಎಲ್ಲಾ ಬಂತು; ಅವನ್ನ ಬಡವರ ಬದುಕು ಸುಧಾರಸಾಕ ಬಳಸೋದು ನಿಮ್ಮ ಮಗನ ಕೆಲಸ. ಈಗ ಮೊದಲ ಬೀಗರ ನಗಿ ಮುಗಸೂಣು. ಅವ್ರು ದಿನಾ ಕಿರಾಣಿ ಅಂಗಡ್ಯಾಗ ಫೋನ್ ಹಿಡದು ಟಿಂಗ್ ಅನಿಸಿ ರೊಕ್ಕ ಕೊಡ್ತಾರಲ್ಲ, ನಮ್ಮಲ್ಲಿ ಆ ಯುಪಿಐ ಚಾಲೂ ಆಗಿದ್ದು 2016ರಾಗ. ಕೆನ್ಯಾದ ಬಡವ್ರು 2007ರ ಮಾರ್ಚ್‌ನಿಂದನ ಫೋನಿನ್ಯಾಗ ರೊಕ್ಕ ಕಳಸಾಕತ್ತಾರ. ಅದೂ ಸ್ಮಾರ್ಟ್‌ಫೋನ್ ಅಲ್ಲ, ಗುಂಡಿ ಒತ್ತೋ ಸಣ್ಣ ಫೋನು, ಇಂಟರ್ನೆಟ್ ಬ್ಯಾಡ, ಬ್ಯಾಂಕ್ ಖಾತೆನೂ ಬ್ಯಾಡ. ಹೆಸರು ಎಂ-ಪೆಸಾ. ಪೆಸಾ ಅಂದ್ರ ಅವರ ಸ್ವಾಹಿಲಿ ಮಾತಿನ್ಯಾಗ ರೊಕ್ಕ, ಕೇಳಿದ್ರ ನಮ್ಮ ಪೈಸಾನ ಅನಸ್ತೈತಿ.

ಅದು ಹುಟ್ಟಿದ ಕತಿ ಛಲೋ ಐತಿ. ಸಫಾರಿಕಾಮ್ ಅಂತ ಅಲ್ಲಿಯ ಫೋನ್ ಕಂಪನಿ, ಅದರ ಹಿಂದ ವೋಡಾಫೋನ್, ಬ್ರಿಟನ್ ಸರಕಾರದ ವಿದೇಶಿ ನೆರವಿನ ಇಲಾಖೆ ಸುಮಾರು 10 ಲಕ್ಷ ಪೌಂಡ್ ಹಾಕಿತ್ತು, ಕಂಪನಿನೂ ಅಷ್ಟ ಹಾಕಬೇಕು ಅನ್ನೋ ಕರಾರಿನ ಮ್ಯಾಲೆ. ಮೊದಲಿನ ವಿಚಾರ ಬ್ಯಾರೇನ ಇತ್ತು, ನಮ್ಮ ಸ್ವಸಹಾಯ ಸಂಘದಂಥಾ ಗುಂಪಿನವ್ರು ತಗೊಂಡ ಸಣ್ಣ ಸಾಲದ ಕಂತು ಫೋನಿನ್ಯಾಗ ತುಂಬ್ಲಿ ಅಂತ. 2005ರಾಗ ಟ್ರಯಲ್ ಮಾಡಿ ನೋಡಿದ್ರ ಮಂದಿ ಕಂತಿನ ಕೆಲಸ ಅಷ್ಟಕ್ಕ ನಿಲ್ಲಲಿಲ್ಲ, ಇದ್ರಾಗ ಊರಿಗೆ ರೊಕ್ಕ ಕಳಸಾಕ ಬರ್ತೈತಿ ಅಂತ ತಾವ ಕಂಡ್ಹಿಡಕೊಂಡು ಕಳಸಾಕ ಹತ್ತಿದ್ರು. ಕಂಪನಿಯವ್ರು ಶಾಣ್ಯಾರು, ಮಂದಿಗೆ ಬುದ್ಧಿ ಹೇಳಾಕ ಹೋಗಲಿಲ್ಲ, ಇದ್ದ ಯೋಜನೆನ ಬದಲಿ ಮಾಡಿ "ಮನಿಗೆ ರೊಕ್ಕ ಕಳಸ್ರಿ" ಅಂತ ಬೋರ್ಡ್ ಹಾಕಿದ್ರು.

ಯಾಕ ಓಡ್ತು ಅಂತ ತಿಳೀಬೇಕಂದ್ರ ನಮ್ಮ ಮನಿ ಕಡಿನ ನೋಡ್ರಿ. ನಮ್ಮ ಸೋದರಮಾವ ಗೋವಾಕ್ಕ ದುಡಿಯಾಕ ಹೋಗಿದ್ದ. ಊರಿಗೆ ಹೊಂಟವರ ಕೈಯಾಗ ಒಂದು ಹಳೇ ಅಂಗಿ ಕಳಸ್ತಿದ್ದ, ಕಾಲರ್ ಒಳಗ ನೋಟು ಹೊಲದಿರ್ತಿದ್ದ. ಅತ್ತಿ ಪಡಸಾಲ್ಯಾಗ ಕುಂತು ಬ್ಲೇಡ್‌ಲೆ ಹೊಲಿಗಿ ಬಿಚ್ಚೋದು ನೋಡಾಕ ನಾವು ಹುಡುಗ್ರು ಸುತ್ತ ಕುಂದ್ರತಿದ್ವಿ, ಒಂದೊಂದ ಎಳಿ ಬಿಚ್ಚಿದಂಗ ನೂರರ ನೋಟಿನ ಅಂಚು ಕಾಣ್ತಿತ್ತು. ಒಮ್ಮೆ ಬ್ಲೇಡ್ ಜಾರಿ ನೋಟ ಎರಡ ತುಂಡಾತು, ಅವತ್ತು ಅತ್ತಿ ಅತ್ತಿದ್ದು ನನಗ ಇನ್ನೂ ನೆನಪೈತಿ. ಕೆನ್ಯಾದಾಗೂ ಹಿಂಗ, ಪ್ಯಾಟ್ಯಾಗ ದುಡದು ಬಸ್ ಡ್ರೈವರ್ ಕೈಯಾಗ, ಪರಿಚಯದವರ ಕೈಯಾಗ ಕೊಟ್ಟು ಕಳಸೋದಿತ್ತು. ಎಂ-ಪೆಸಾ ಬಂದ ಮ್ಯಾಲೆ ಪಾನ್ ಅಂಗಡಿಯಂಥಾ ಒಂದು ಸಣ್ಣ ಅಂಗಡಿಗೆ ಹೋಗಿ ನೋಟು ಕೊಟ್ರ ಅಂಗಡಿಯಾಂವ ಅದನ್ನ ನಿಮ್ಮ ಫೋನಿಗೆ ಏರಸ್ತಾನ, ನೀವು ಊರಿನವರ ನಂಬರಿಗೆ ಹಾಕ್ತೀರಿ, ಅಲ್ಲಿ ಅವ್ರು ಮತ್ತೊಂದು ಅಂಗಡಿಗೆ ಹೋಗಿ ಗುರುತಿನ ಚೀಟಿ ತೋರಿಸಿ ನೋಟು ಇಸ್ಕೋತಾರ. ಎಲ್ಲಾರೂ ಫೋನ್ ಫೋನ್ ಅಂತಾರ, ನಾ ಹೇಳೋದು ಆ ಅಂಗಡಿ. ಗಲ್ಲಾದಾಗ ನೋಟು ಇಲ್ಲದಿದ್ರ ಮೆಸೇಜು ಬಂದು ಏನ್ ಉಪಯೋಗ?

ಅದರಿಂದ ಏನಾತು? ತವ್ನೀತ್ ಸೂರಿ, ವಿಲಿಯಂ ಜ್ಯಾಕ್ ಅನ್ನೋ ಇಬ್ರು ಅರ್ಥಶಾಸ್ತ್ರದವ್ರು ವರ್ಷಗಟ್ಟಲೆ ಮನಿ ಮನಿ ಲೆಕ್ಕ ತಗೊಂಡು 2016ರಾಗ ಬರದ್ರು: ಸುಮಾರು 1,94,000 ಕುಟುಂಬ, ಅಂದ್ರ ಕೆನ್ಯಾದ ಮನಿಗಳ ಪೈಕಿ 2 ಪರ್ಸೆಂಟ್, ಕಡು ಬಡತನದಿಂದ ಮ್ಯಾಲೆ ಬಂದಾವು ಅಂತ, ಹೆಂಗಸ್ರು ಸಂಸಾರ ನಡಸೋ ಮನ್ಯಾಗ ಫಾಯದೆ ಇನ್ನೂ ಜಾಸ್ತಿ. ಹಂಗಂತ ಎಲ್ಲಾ ಬೆಲ್ಲ ಅಲ್ಲ. ಅದ ಫೋನಿನ್ಯಾಗ ಆಮ್ಯಾಲೆ ದಿಢೀರ್ ಸಾಲ ಬಂತು, ಬೆಟ್ಟಿಂಗ್ ಬಂತು, ಸಾಲ ತೀರಿಸಾಕ ಮತ್ತೊಂದು ಸಾಲ ಮಾಡಿ ಮುಳಗಿದವ್ರೂ ಅದಾರ. ಮತ್ತ ಇದ ಎಂ-ಪೆಸಾ ನಮ್ಮ ದೇಶಕ್ಕೂ 2013ರಾಗ ಬಂದಿತ್ತು, ಗೊತ್ತೇನ್ರೀ? 2019ರಾಗ ಬಾಗಲಾ ಹಾಕ್ತು. ಇಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಬ್ಯಾರೆ, ಅಷ್ಟೊತ್ತಿಗೆ ಜನಧನ ಖಾತೆ ಬಂದ್ವು, ಯುಪಿಐ ಬಂತು. ಒಂದೂರಿನ ಬೀಜ ಇನ್ನೊಂದೂರಿನ ಎರಿ ಹೊಲದಾಗ ಹತ್ತಬೇಕಂತ ಏನಿಲ್ಲ.

ಇನ್ನ ನೌಕರಿ ವಿಚಾರ. ಇದು ನೌಕರಿನ ಅವ್ವಾರ, ಪಗಾರ ಇರ್ತೈತಿ. ವಿಶ್ವಸಂಸ್ಥೆ, ಯುನಿವರ್ಸಿಟಿ, ದೊಡ್ಡ ಟ್ರಸ್ಟು, ಕಂಪನಿ ಎಲ್ಲಾರೂ ಮಂದಿನ್ನ ತಗೋತಾರ. ಆದ್ರ ಬಾಳಷ್ಟು ಕೆಲಸ ಪ್ರಾಜೆಕ್ಟಿನ ಮ್ಯಾಲೆ ನಿಂತಿರ್ತಾವ, ಮೂರು ವರ್ಷದ ರೊಕ್ಕ ಮುಗೀತಂದ್ರ ನೌಕರಿನೂ ಮುಗೀತು, ಅದಕ್ಕ ಮಗಾಗ ಕರಾರು ಎಷ್ಟು ವರ್ಷದ್ದು, ವಿಮಾ ಐತೋ ಇಲ್ಲೋ ಅಷ್ಟು ಕೇಳ್ರಿ. ಹಳದಿ ಜ್ವರದ ಲಸಿಕಾ ಹೊಂಡೂಕಿಂತ ಕನಿಷ್ಠ ಹತ್ತು ದಿನ ಮೊದಲ ಹಾಕಿಸ್ಕೊಂಡು ಆ ಕಾರ್ಡ್ ಪಾಸ್‌ಪೋರ್ಟಿನ ಜೋಡಿ ಇಟ್ಕೊಳ್ಳಾಕ ಹೇಳ್ರಿ, ಇಲ್ಲಾಂದ್ರ ವಾಪಸ್ ಬರೂಮುಂದ ನಮ್ಮ ಏರ್‌ಪೋರ್ಟಿನ್ಯಾಗ ತ್ರಾಸಾಗ್ತೈತಿ. ಅಲ್ಲಿ ಹೊತ್ತು ನಮಗಿಂತ ಎರಡೂವರಿ ತಾಸು ಹಿಂದ, ನೀವು ರಾತ್ರಿ ಒಂಬತ್ತಕ್ಕ ಫೋನ್ ಹಚ್ಚಿದ್ರ ಅವಂಗ ಸಂಜಿ ಆರೂವರಿ. ಊಟದ ಚಿಂತಿ ಬ್ಯಾಡ, ಕೆನ್ಯಾದ ಮಂದಿ ಚಪಾತಿ ತಿಂತಾರ, ಹೆಸರೂ ಚಪಾತಿನ. ಕರದಂಟು ಎರಡು ಕಿಲೋ ಕಟ್ಟಿ ಕೊಡ್ರಿ, ಸಾಕು.

ಪ್ರಶ್ನೆ: ನಾವು ದ್ರಾಕ್ಷಿ ಬೆಳದು ಒಣಗಿಸಿ ಮಣೂಕ ಮಾಡ್ತೀವಿ. ದಿನಾ ಮುಂಜಾನಿ ಫೋನಿನ್ಯಾಗ ತಾಸಗಾಂವ, ಸಾಂಗ್ಲಿ, ವಿಜಯಪುರ ಎಲ್ಲಾ ಕಡಿ ದರ ಬರ್ತೈತಿ. ಆದ್ರ ನನ್ನ ಕೈಗೆ ಬರೋದು ಅಡತಿಯಾಂವ ಹೇಳಿದ್ದ ದರ. ಹಂಗಾರ ಈ ಮಾಹಿತಿ ತಂತ್ರಜ್ಞಾನ ಅಂತ ಭಾಷಣ ಮಾಡೋದು ಸುಳ್ಳೇನು? (ತಿಕೋಟಾ ಕಡಿ ರೈತರು)

ಉತ್ತರ: ಸುಳ್ಳಲ್ಲರೀ, ಅರ್ಧ ಖರೆ. ಖರೆ ಇರೋ ಅರ್ಧ ಮೊದಲ ಹೇಳ್ತೀನಿ. ಕೇರಳದ ಬಡಗರ ಅನ್ನೋ ಮೀನಿನ ಪ್ಯಾಟ್ಯಾಗ 1997ರ ಜನವರಿಯೊಳಗ ಒಂದು ಮುಂಜಾನಿ 11 ಮಂದಿ ಮೀನುಗಾರ್ರು ಕೊಳ್ಳಾವ್ರಿಲ್ಲಂತ ಮೀನು ಚೆಲ್ಲೋ ಹಂತಕ್ಕ ಬಂದಿದ್ರು, ಅದ ಹೊತ್ತಿನ್ಯಾಗ 15 ಕಿಲೋಮೀಟರ್ ಒಳಗಿನ ಪ್ಯಾಟಿಗಳಾಗ ಮೀನು ಸಿಗಲಿಲ್ಲಂತ ವ್ಯಾಪಾರಿಗಳು ಬರೇ ಕೈಲೆ ಮನಿಗೆ ಹೊಂಟಿದ್ರು. ಇವರಿಗೆ ಅವ್ರು ಗೊತ್ತಿಲ್ಲ, ಅವರಿಗೆ ಇವ್ರು ಗೊತ್ತಿಲ್ಲ. 1997ರಿಂದ 2001ರ ತನಕ ಕರಾವಳಿಗುಂಟ ಒಂದೊಂದ ಟವರ್ ಬಂದಂಗ ಮೀನುಗಾರ್ರು ಸಮುದ್ರದಾಗಿಂದನ ಫೋನ್ ಹಚ್ಚಿ ದರ ಕೇಳಿ ದೋಣಿ ತಿರುಗಸಾಕ ಹತ್ತಿದ್ರು. ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ 2007ರಾಗ ತೋರಿಸಿದ: ಚೆಲ್ಲೋದು ನಿಂತಹೋತು, ಮೀನುಗಾರರ ಲಾಭ 8 ಪರ್ಸೆಂಟ್ ಏರ್ತು, ತಿನ್ನಾವ್ರಿಗೆ ದರ 4 ಪರ್ಸೆಂಟ್ ಇಳೀತು. ಐಸಿಟಿ ಮೀಟಿಂಗ್ ಎಲ್ಲೇ ಆಗ್ಲಿ ಈ ಮೀನು ಎದ್ದು ಬರ್ತಾವ, ನಾನ ಹತ್ತು ಸಲ ಕೇಳೀನಿ.

ಇನ್ನರ್ಧ ನಿಮ್ಮ ಪತ್ರದಾಗ ಐತಿ. ಆ ಮೀನುಗಾರ ದೋಣಿ ತಿರುಗಿಸಬೇಕಂದ್ರ ಅಂವ ಯಾರಿಗೂ ಕಟ್ಟುಬಿದ್ದಿರಬಾರದು. ಆಮ್ಯಾಲೆ ಅದ ಕೇರಳಕ್ಕ ಹೋಗಿ ನೋಡಿದ ಬ್ಯಾರೆ ಸಂಶೋಧಕರು ಇದನ್ನ ಎತ್ತಿ ಹೇಳ್ಯಾರ, ದಲಾಲನ ಸಾಲ ಇದ್ದಾಂವ ಫೋನ್ ಇದ್ರೂ ಅದ ದಂಡಿಗೆ ಬರ್ತಾನ. ನೀವು ಜನವರಿಯೊಳಗ ಔಷಧಿಗೆ, ಒಣಗಿಸೂಕಿಂತ ಮೊದಲ ದ್ರಾಕ್ಷಿ ಅದ್ದೋ ಡಿಪ್ಪಿಂಗ್ ಆಯಿಲಿಗೆ, ಆಳಿನ ಪಗಾರಕ್ಕ ಅಡತಿ ಅಂಗಡ್ಯಾಗ ಮುಂಗಡ ತಂದಿರ್ತೀರಿ ಹೌದಲ್ಲೋ? ತಂದ ದಿವಸನ ದರ ಠರಾವ್ ಆಗಿಬಿಡ್ತೈತಿ, ಏಪ್ರಿಲ್‌ನಾಗ ಫೋನು ಏನರೆ ಹೇಳ್ಲಿ. ಒಮ್ಮೆ ಒಬ್ಬ ರೈತರ ಶೆಡ್ಡಿಗೆ ಹೋಗಿದ್ದೆ, ಬಾಗಲಾ ಚೌಕಟ್ಟಿಗೆ ಒಂದು ಮೊಳಿ ಹೊಡದು ಫೋನ್ ಪ್ಲಾಸ್ಟಿಕ್ ಚೀಲದಾಗ ಹಾಕಿ ನೇತುಹಾಕಿದ್ರು, ಯಾಕಂದ್ರ ರೇಂಜ್ ಬರೋದು ಅಲ್ಲಿ ಅಷ್ಟ. ಟಿಣ್ ಅಂದ್ರ ಎದ್ದು ಹೋಗಿ ದರ ನೋಡಾವ್ರು, ಬಂದು ಮತ್ತ ರ್‍ಯಾಕಿನ ಕೆಳಗ ಕುಂದ್ರಾವ್ರು. "ನೋಡಿ ಏನ್ ಮಾಡ್ತೀರಿ ಕಾಕಾ" ಅಂದೆ. "ಎಷ್ಟು ಲುಕ್ಸಾನ ಆತು ಅಂತ ಈಗ ಜಲ್ದಿ ಗೊತ್ತಾಗ್ತೈತಿ" ಅಂದ್ರು.

ಅದಕ್ಕ ದರದ ಮೆಸೇಜ್ ಓದೋದಕ್ಕಿಂತ ಮೊದಲ ಒಂದು ಕೆಲಸ ಮಾಡ್ರಿ. ನಿಮ್ಮ ಮಾಲು ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಾಗ ರಸೀದಿ ಯಾರ ಹೆಸರಿಗೆ ಬರೀತಾರ ನೋಡ್ರಿ. ನಿಮ್ಮ ಹೆಸರಿಗೆ ಇದ್ರ, ಆ ಗೋದಾಮು ಕೇಂದ್ರದ ಉಗ್ರಾಣ ಪ್ರಾಧಿಕಾರದಾಗ ನೋಂದಣಿ ಆಗಿದ್ರ, ರಸೀದಿ ಮ್ಯಾಲೆ ಬ್ಯಾಂಕ್ ಸಾಲ ಸಿಗ್ತೈತೇನು ಅಂತ ಕೇಳ್ರಿ, ಎಲೆಕ್ಟ್ರಾನಿಕ್ ರಸೀದಿ 2017ರಿಂದ ಐತಿ. ಮುಂಗಡದ ಗಂಟು ಅಲ್ಲಿ ಬಿಚ್ಚಿದ್ರ ಫೋನಿನ ದರಕ್ಕ ಕಿಮ್ಮತ್ತು ಬರ್ತೈತಿ.

ಪ್ರಶ್ನೆ: ನಮ್ಮ ಊರಿಗೆ ಟವರ್ ಇಲ್ಲ. ಡಿಜಿಟಲ್ ಇಂಡಿಯಾ ಯಾವಾಗ ಬರ್ತೈತಿ? (ಖಾನಾಪುರ ತಾಲೂಕು, ಅಡವಿ ಅಂಚಿನ ಊರು)

ಉತ್ತರ: ನಿಮ್ಮ ಪತ್ರ ಪೋಸ್ಟಿನ್ಯಾಗ ಆರು ದಿವಸಕ್ಕ ಬಂತು, ಟಪಾಲಿನವರಿಗೆ ಶರಣು. ಇಂಟರ್ನೆಟ್ ಮುಟ್ಟದವ್ರು 2023ರಾಗ ಜಗತ್ತಿನ್ಯಾಗ 260 ಕೋಟಿ ಮಂದಿ ಅಂತ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ಲೆಕ್ಕ ಕೊಟ್ಟೈತಿ, ಹಂಗಾಗಿ ನಿಮ್ಮದೇನು ಸಣ್ಣ ಊರಲ್ಲ. ಗುಡ್ಡ ಹತ್ತಿದಾಗರೆ ಒಂದು ಕಡ್ಡಿ ರೇಂಜ್ ಸಿಕ್ಕರ 1800-180-1551 ಒತ್ತಿ ನೋಡ್ರಿ, 2004ರಿಂದ ಇರೋ ಕಿಸಾನ್ ಕಾಲ್ ಸೆಂಟರ್, ಪುಕ್ಕಟ, ಕನ್ನಡದಾಗ ಮಾತಾಡ್ತಾರ, ಇಂಟರ್ನೆಟ್ ಬೇಕಾಗಿಲ್ಲ. ಛತ್ತೀಸಗಡದ ಅಡವ್ಯಾಗ 2010ರಿಂದ ಸಿಜಿನೆಟ್ ಸ್ವರ ಅಂತ ಐತಿ, ಬಟನ್ ಫೋನಿನಿಂದನ ಫೋನ್ ಹಚ್ಚಿ ಊರಿನ ಸುದ್ದಿ, ತಕರಾರು ತಮ್ಮ ಬಾಯಾಗ ಹೇಳಿ ರೆಕಾರ್ಡ್ ಮಾಡ್ತಾರ, ಉಳಿದವ್ರು ಫೋನ್ ಹಚ್ಚಿ ಕೇಳ್ತಾರ. ಅಕ್ಷರ ಬರಬೇಕಂತಿಲ್ಲ. ಟವರಿನ ಅರ್ಜಿ ಕೊಡೂಮುಂದ ಊರಿನ ಎಲ್ಲಾರ ಸಹಿ ಹಾಕ್ಸಿ ಪಂಚಾಯ್ತಿ ಠರಾವ್ ಜೋಡಿ ಕೊಡ್ರಿ, ಒಬ್ಬರ ಅರ್ಜಿ ಕಪಾಟಿನ್ಯಾಗ ಉಳೀತೈತಿ.

ಪ್ರಶ್ನೆ: ಅವ್ವ ನಲವತ್ತು ವರ್ಷ ನೇಯಿಗಿ ನೂಲಿನ ಕಂಡಿಕಿ ಸುತ್ತಿ ಸುತ್ತಿ ಬೆರಳಿನ ಗೆರಿ ಸವದ ಹೋಗ್ಯಾವ. ರೇಷನ್ ಅಂಗಡ್ಯಾಗ ಮಷೀನ್ ಹೆಬ್ಬೆಟ್ಟು ತಗೊಳ್ಳಂಗಿಲ್ಲ, "ಮುಂದಿನ ತಿಂಗಳ ಬರ್ರಿ" ಅಂತಾರ. ಏನ್ ಮಾಡೋದು? (ಗುಳೇದಗುಡ್ಡದಿಂದ ಒಬ್ಬ ತಂಗಿ)

ಉತ್ತರ: ತಂಗಿ, ಮುಂದಿನ ತಿಂಗಳ ಅನ್ನೋದನ್ನ ಒಪ್ಪಬ್ಯಾಡ. ಆಧಾರ್‌ಗೆ ಬೆರಳು ತಾಳಿ ಆಗಲಿಲ್ಲಂತ ಅರ್ಹರಿಗೆ ರೇಷನ್ ನಿಲ್ಲಿಸಬಾರದು ಅಂತ ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಾಗ ಎಲ್ಲಾ ರಾಜ್ಯಕ್ಕೂ ಬರದೈತಿ. ಮೊದಲ ಅವ್ವಾರ ಹತ್ತೂ ಬೆರಳು ಒಂದೊಂದಾಗಿ ಇಡಿಸಿ ನೋಡು, ಹೆಬ್ಬೆಟ್ಟು ಸವದ್ರೂ ಉಂಗುರ ಬೆರಳು, ಕಿರಿಬೆರಳು ಕೆಲವೊಮ್ಮೆ ಹಿಡೀತಾವ. ಒಣಾ ಬೆರಳಿದ್ರ ಹಸಿ ಬಟ್ಟೀಲೆ ಒರಸಿ ಇಡಬೇಕು. ಆಗಲಿಲ್ಲಂದ್ರ ಓಟಿಪಿ, ಕಣ್ಣಿನ ಸ್ಕ್ಯಾನ್, ಮನ್ಯಾಗಿನ ಮತ್ತೊಬ್ಬರ ಬೆರಳು ಇವನ್ನ ಕೇಳು. ಆಧಾರ್ ಕೇಂದ್ರಕ್ಕ ಹೋಗಿ ಬಯೋಮೆಟ್ರಿಕ್ ಹೊಸದಾಗಿ ಮಾಡ್ಸಿ, ಅಲ್ಲೇ ಮೊಬೈಲ್ ನಂಬರ್ ಸರಿ ಐತೇನು ನೋಡು, ಬಾಳ ಮಂದಿದು ಹಳೇ ನಂಬರ ಇರ್ತೈತಿ. ಆದ್ರೂ ಇಲ್ಲಂದ್ರ ತಾಲೂಕ ಆಹಾರ ನಿರೀಕ್ಷಕರಿಗೆ ಬರವಣಿಗಿಲೆ ಅರ್ಜಿ ಕೊಟ್ಟು ಸ್ವೀಕೃತಿ ತಗೋ.

ಒಂದು ಅಡ್ಡ ಮಾತು. ನಮ್ಮ ಬೆಂಗಳೂರಿನ ಐಐಐಟಿ ಅನ್ನೋ ತಂತ್ರಜ್ಞಾನ ವಿದ್ಯಾಸಂಸ್ಥೆಯೊಳಗ 2018ರಾಗ ಮೋಸಿಪ್ ಅಂತ ಒಂದು ಓಪನ್ ಸೋರ್ಸ್ ಗುರುತಿನ ಸಾಫ್ಟ್‌ವೇರ್ ಚಾಲೂ ಮಾಡಿದ್ರು, ಯಾವ ಬಡ ದೇಶ ಬೇಕಾದ್ರೂ ತಗೊಂಡು ತಮ್ಮ ಗುರುತಿನ ಚೀಟಿ ಮಾಡ್ಕೋಬೋದು, ಫಿಲಿಪೈನ್ಸ್, ಮೊರೊಕ್ಕೊ, ಇಥಿಯೋಪಿಯಾ ತಗೊಂಡಾವ. ಹೆಮ್ಮಿ ಐತಿ, ಇಲ್ಲಂತ ಅನ್ನಂಗಿಲ್ಲ. ಆದ್ರ ಅಲ್ಲಿ ಭತ್ತ ನಾಟಿ ಮಾಡೋ ಮುದುಕಿ ಬೆರಳೂ ನಿಮ್ಮವ್ವನ ಬೆರಳಿನಂಗ ಸವದಿರ್ತಾವ, ಅದನ್ನ ಅವರಿಗೆ ಗುಳೇದಗುಡ್ಡದವ್ರ ಹೇಳಬೇಕು.

ಪ್ರಶ್ನೆ: ನಾ ರಿಟೈರ್ ಆದ ತಲಾಟಿ. ಹೊಲದ ಉತಾರ (ಪಹಣಿ) ಕಂಪ್ಯೂಟರಿನ್ಯಾಗ ಬಂದ ಮ್ಯಾಲೆ ನಮ್ಮ ಕಿಮ್ಮತ್ತು ಹೋತು, ಮಂದಿ ತ್ರಾಸು ಹೋಗಲಿಲ್ಲ. ಇದನ್ನ ನೋಡಾಕ ಫಾರಿನ್ನಿನವ್ರು ಬಂದಿದ್ರಂತಲ್ಲ, ಏನ್ ನೋಡಿದ್ರು? (ಬಾದಾಮಿ)

ಉತ್ತರ: ಸಾಹೇಬ್ರ, ನಿಮ್ಮ ಕಿಮ್ಮತ್ತಿನ ಮಾತು ಆಮ್ಯಾಲೆ. ಅವ್ರು ನೋಡಿದ್ದು ಕರ್ನಾಟಕ ಸರಕಾರದ ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಉತಾರ ಕಂಪ್ಯೂಟರಿಗೆ ಏರಿಸಿ ತಾಲೂಕಿನ ಕಿಟಕ್ಯಾಗ 15 ರೂಪಾಯಿಗೆ ಕೊಡಾಕ ಹತ್ತಿದ್ರು, 2001ರ ಸುಮಾರಿಗೆ. ಅದಕ್ಕಿಂತ ಮೊದಲ ಒಂದು ಉತಾರಕ್ಕ ಮಂದಿ ಎಷ್ಟು ಸಲ ತಿರಗತಿದ್ರು, ಎಷ್ಟು ಚಾ ಕುಡಿಸ್ತಿದ್ರು ಅನ್ನೋದು ನಿಮಗ ನನಗಿಂತ ಛಲೋ ಗೊತ್ತೈತಿ, ಸಿಟ್ಟಾಗಬ್ಯಾಡ್ರಿ. ಆದ್ರ ನಿಮ್ಮ ಮಾತಿನ್ಯಾಗೂ ತೂಕ ಐತಿ. ಟೈಪ್ ಮಾಡೂಮುಂದ ಹೆಸರಿನ್ಯಾಗ ಒಂದು ಕೊಂಬು ತಪ್ಪಿದ್ರ, ಸರ್ವೆ ನಂಬರಿನ ಹಿಸ್ಸಾ ತಪ್ಪಿದ್ರ, ಮೊದಲ ಊರಾಗ ಕುಂತ ತಲಾಟಿಗೆ ಗೊತ್ತಿರ್ತಿತ್ತು ಇದು ಯಾರ ಹೊಲ, ಅವರಪ್ಪ ಯಾರು ಅಂತ. ಈಗ ಸ್ಕ್ರೀನ್ ಮುಂದ ಕುಂತ ಹುಡುಗನಿಗೆ ಅದು ಗೊತ್ತಿಲ್ಲ, ರೈತ ತಾಲೂಕ ಕಚೇರಿಗೆ ಅಡ್ಡಾಡಬೇಕು. ನೀವು ರಿಟೈರ್ ಆದ್ರೂ ಮುಂಜಾನಿ ಒಂದ್ ತಾಸು ನಿಮ್ಮ ಕಟ್ಟಿ ಮ್ಯಾಲೆ ಕುಂತು ಮಂದಿ ಉತಾರ ಓದಿ ತಪ್ಪು ತೋರಿಸಿ ಕೊಡ್ರಿ, ಚಾ ಅವ್ರ ಕೊಡಸ್ತಾರ.

ಪ್ರಶ್ನೆ: ನಮ್ಮ ಸಾಲಿಗೆ ದಾನಿಗಳು 20 ಟ್ಯಾಬ್ಲೆಟ್ ಕೊಟ್ರು. ಕಳಕೊಂಡ್ರ ನಾವ ತುಂಬಬೇಕಂತ ಹೆದರಿ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟೀವಿ. ಹೊರಗ ತಗೀಬೇಕೋ ಬ್ಯಾಡೋ? (ಜಮಖಂಡಿ ತಾಲೂಕು, ಸಾಲಿ ಟೀಚರ್)

ಉತ್ತರ: ಟೀಚರ್, ಪೆರು ದೇಶದ ಕತಿ ಕೇಳ್ರಿ, ಮನಸು ಹಗುರಾಗ್ತೈತಿ. ನಿಕೊಲಸ್ ನೆಗ್ರೊಪಾಂಟೆ ಅನ್ನೋ ದೊಡ್ಡ ಮನಷಾ 2005ರಾಗ ಟ್ಯುನಿಸ್ ಊರಿನ ವಿಶ್ವಸಂಸ್ಥೆ ಸಮ್ಮೇಳನದಾಗ ಮಕ್ಕಳ ಸಲವಾಗಿ 100 ಡಾಲರಿನ ಹಸರು ಲ್ಯಾಪ್‌ಟಾಪ್ ತೋರಿಸಿದ. ಕರೆಂಟ್ ಇಲ್ಲದ ಊರಿಗೆ ಅಂತ ಅದಕ್ಕ ಕೈಲೆ ತಿರುವೋ ಹ್ಯಾಂಡಲ್ ಬ್ಯಾರೆ ಇತ್ತು. ತಯಾರಾಗಿ ಬರೂಮುಂದ ಹ್ಯಾಂಡಲ್ ಹೋಗಿತ್ತು, ದರ 200 ಡಾಲರ್ ಹತ್ರ ಹೋಗಿತ್ತು. ಪೆರು ಸರಕಾರ 8 ಲಕ್ಷಕ್ಕೂ ಹೆಚ್ಚು ಕೊಂಡು ಹಂಚ್ತು. 319 ಸಾಲಿ ತಗೊಂಡು ಪರೀಕ್ಷಾ ಮಾಡಿ 2012ರಾಗ ನೋಡಿದ್ರ ಗಣಿತ, ಭಾಷಾ ಎರಡರಾಗೂ ಏನೂ ಸುಧಾರಣಿ ಇಲ್ಲ. ಟೀಚರಿಗೆ ಹ್ಯಾಂಗ ಕಲಿಸಬೇಕಂತ ಸರಿಯಾಗಿ ಹೇಳಿಕೊಡಲಿಲ್ಲ. ಬೆಂಗಳೂರಾಗ ಮೈಕ್ರೋಸಾಫ್ಟ್ ರಿಸರ್ಚ್ ಕಟ್ಟಿದವರಾಗ ಒಬ್ರು ಕೆಂಟಾರೊ ಟೊಯಾಮಾ, ಇಂಥಾ ಐವತ್ತು ಪ್ರಾಜೆಕ್ಟ್ ನೋಡಿ ದಣದು ಅವ್ರು ಹೇಳಿದ ಮಾತು ಇಷ್ಟ, ಯಂತ್ರ ಇದ್ದದ್ದನ್ನ ದೊಡ್ಡದು ಮಾಡ್ತೈತಿ, ಇಲ್ಲದ್ದನ್ನ ತಂದು ಕೊಡಂಗಿಲ್ಲ.

ನೀವು ಛಲೋ ಕಲಸ್ತೀರಂತ ಪತ್ರದಾಗ ಗೊತ್ತಾಗ್ತೈತಿ, ಅದಕ್ಕ ತಗೀರಿ ಹೊರಗ. ಇಪ್ಪತ್ತೂ ಬ್ಯಾಡ, ಐದು ತಗೀರಿ. ಆರು ಹುಡುಗರಿಗೆ ಒಂದು. ಕಳವಿನ ಜವಾಬ್ದಾರಿ ನಿಮ್ಮೊಬ್ಬರದಲ್ಲ ಅಂತ ಎಸ್‌ಡಿಎಂಸಿಯೊಳಗ (ಸಾಲಿ ಮೇಲುಸ್ತುವಾರಿ ಸಮಿತಿ) ಠರಾವ್ ಬರಿಸಿ ಸಹಿ ಹಾಕ್ಸಿರಿ. ಮೊದಲ ಚಾರ್ಜ್ ಹಾಕಿ ನೋಡ್ರಿ, ಇಟ್ಟಲ್ಲೇ ಇಟ್ರ ಬ್ಯಾಟರಿ ಉಬ್ಬಿರ್ತಾವ.

ಪ್ರಶ್ನೆ: ನಾನು ಬೆಳಗಾವಿಯೊಳಗ ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ. ಇಂಡಿ ಲಿಂಬಿ ಬೆಳಗಾರರಿಗೆ ರೋಗದ ಮಾಹಿತಿ ಕೊಡೋ ಆ್ಯಪ್ ಪ್ರಾಜೆಕ್ಟ್ ಮಾಡಬೇಕಂತೀನಿ, ಮುಂದ ಇದ ಲೈನಿನ್ಯಾಗ ಹೋಗೋ ಆಸೆ ಐತಿ. ಎಲ್ಲಿಂದ ಚಾಲೂ ಮಾಡ್ಲಿ ಸರ್?

ಉತ್ತರ: ತಮ್ಮಾ, ಕೋಡ್ ಬರಿಯೋದು ಬಿಟ್ಟು ಬಸ್ ಹತ್ತು. ಇಂಡಿ ಲಿಂಬಿಗೆ 2023ರಾಗ ಜಿಐ ಟ್ಯಾಗ್, ಅಂದ್ರ ಆ ಊರಿನ ಮಾಲು ಅನ್ನೋ ಸರಕಾರಿ ಗುರುತು, ಬಂತು, ಆವತ್ತಿಂದ ಎಲ್ಲಾರಿಗೂ ಅದರ ಮ್ಯಾಲೆ ಆ್ಯಪ್ ಮಾಡೋ ಆಸೆ. ನಾ ಕಂಪ್ಯೂಟರ್ ಹೊತ್ಗೊಂಡು ತಿರಗೂಮುಂದ ಒಂದೂರಾಗ ಬಾಳ ಚಂದ ಸಾಫ್ಟ್‌ವೇರ್ ಹಾಕಿ ಬಂದಿದ್ದೆ, ಹದಿನೈದು ದಿನ ಬಿಟ್ಟು ಹೋಗಿ ನೋಡಿದ್ರ ಮಾನಿಟರ್ ಮ್ಯಾಲೆ ಕಸೂತಿ ಹಾಕಿದ ಬಟ್ಟಿ ಹೊಚ್ಚಿದ್ರು, ಮುಂದ ಊದಿನಕಡ್ಡಿ. ಪೂಜಾ ಮಾಡ್ಯಾರ, ಮುಟ್ಟಿಲ್ಲ. ಅದ್ರಾಗ ತಪ್ಪು ಅವರದೇನೂ ಇರಲಿಲ್ಲ, ಅವ್ರಿಗೆ ಏನ್ ಬೇಕಂತ ನಾ ಕೇಳಿರಲಿಲ್ಲ.

ಡಿಜಿಟಲ್ ಗ್ರೀನ್ ಬಗ್ಗೆ ಓದು. 2006ರಾಗ ಬೆಂಗಳೂರಿನ್ಯಾಗ ರಿಕಿನ್ ಗಾಂಧಿ ಮತ್ತ ಅವರ ಜೋಡಿದವ್ರು ಚಾಲೂ ಮಾಡಿದ್ದು, ಮೊದಲ ಟ್ರಯಲ್ ನಮ್ಮ ಕರ್ನಾಟಕದ ಹಳ್ಳ್ಯಾಗನ, ಆಮ್ಯಾಲೆ ಇಥಿಯೋಪಿಯಾದ ತನಕ ಹೋತು. ವಿಜ್ಞಾನಿ ಭಾಷಣ ಇಲ್ಲ, ಆಸುಪಾಸಿನ ಊರಿನ ರೈತನ ತನ್ನ ಹೊಲದಾಗ ಮಾಡಿ ತೋರಿಸೋ ವಿಡಿಯೋ, ಸಂಜಿ ಹೊತ್ತು ಗುಡ್ಯಾಗೋ ಸಾಲ್ಯಾಗೋ ಹಾಕ್ತಾರ, ಊರಿನವರ ಪೈಕಿ ಒಬ್ರು ನಡುನಡುವ ನಿಲ್ಲಿಸಿ "ತಿಳೀತೇನು, ನೀವು ಮಾಡ್ತೀರೇನು" ಅಂತ ಕೇಳ್ತಾರ. ಖರ್ಚಿನ ಲೆಕ್ಕದಾಗ ಹಳೇ ಪದ್ಧತಿಕಿಂತ 10 ಪಟ್ಟು ಫಾಯದೆ ಅಂತ ಅವರ ಮೊದಲಿನ ಅಧ್ಯಯನ ಹೇಳ್ತು. ವಿಡಿಯೋ ನೋಡಿದ ರೈತ್ರು ಮೊದಲ ಕೇಳೋದು ಗೊಬ್ಬರದ ಪ್ರಮಾಣ ಅಲ್ಲಂತ, "ಆ ಮನಷಾ ಯಾರು, ಯಾವ ಊರಾಂವ" ಅಂತ. ನಮ್ಮ ಮಂದಿ ಅಲ್ಲೇನು ಮತ್ತ.

ಹಂಗಾಗಿ ಮುಂಜಾನಿ ಲಿಂಬಿ ಹರಾಜು ಹಚ್ಚೋ ಹೊತ್ತಿಗೆ ಇಂಡಿ ಪ್ಯಾಟಿಗೆ ಹೋಗಿ ಎಂಟು ದಿನ ಕುಂದ್ರು. ಯಾರ ಫೋನ್ ಹಿಡದಾರ, ಮನ್ಯಾಗ ಫೋನ್ ಯಾರ ಕಡಿ ಇರ್ತೈತಿ, ವಾಟ್ಸಾಪಿನ್ಯಾಗ ಬಂದ ವಾಯ್ಸ್ ಮೆಸೇಜ್ ಕೇಳ್ತಾರೋ ಬರದಿದ್ದು ಓದ್ತಾರೋ, ಗಿಡಕ್ಕ ಔಷಧಿ ಹೊಡಿಯೋದು ಯಾರನ್ನ ಕೇಳಿ ಹೊಡೀತಾರ, ಇಷ್ಟು ವಹಿಯೊಳಗ ಬರ್ಕೋ. ಬಾಳಷ್ಟು ಮಂದಿ ಔಷಧಿ ಅಂಗಡಿಯಾಂವನ್ನ ಕೇಳಿ ಹೊಡೀತೀನಿ ಅಂತಾರ ನೋಡು, ಆಗ ಆ ಅಂಗಡಿ ಕಟ್ಟಿ ಮ್ಯಾಲೆ ಇನ್ನೆರಡು ದಿನ ಕುಂದ್ರು. ವಹಿ ತುಂಬಿದ ಮ್ಯಾಲೆ ಮತ್ತ ಪತ್ರ ಬರಿ, ಆ್ಯಪ್ ಬೇಕೋ ಬ್ಯಾಡೋ ಆಗ ಮಾತಾಡೂಣು. ಹೊಂಡೂಮುಂದ ಗೈಡಿಗೆ ಹೇಳಿ ಹೋಗು, ಅಟೆಂಡೆನ್ಸ್ ನಾ ಕೊಡಸಾಕ ಆಗಂಗಿಲ್ಲ.